ಅರಿಶಿನ ಕುಂಕುಮದ ಸೀರೆ

ಲೋ ಕ್ಯಾಪ್ಟನ್,

ಫೋನಲ್ಲಿ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ, ಅದಕ್ಕೆ ಇಲ್ಲೇ ಬರೀತಿದೀನಿ, ಬೇರೆಯವ್ರೂ ಓದ್ಲಿ ಬಿಡು.

ಕಾಲೇಜ್ ಡಿಬೇಟಲ್ಲಿ "ಯತ್ರ ನಾರ್ಯಸ್ತು ಪೂಜ್ಯಂತೇ", ಹೆಣ್ಣಿಗೆ ಪೂಜೆ ಸಲ್ಲೋ ಕಡೆ ದೇವತೆಗಳು ಇರ್ತಾರೆ ಅನ್ನೋ ಮನುಸ್ಮೃತಿ ಶ್ಲೋಕದಿಂದ ಶುರು ಮಾಡಿ ನಾನು ಕಪ್ ಗೆದ್ದಿದ್ದು ನೆನಪಿದೆಯಲ್ಲ, ಅವತ್ತಿನ ಕೊಡೆ ಪ್ರಸಂಗನೂ. ಅಂಬೇಡ್ಕರ್ 1927ರ ಡಿಸೆಂಬರ್ 25ಕ್ಕೆ ಮಹಾಡಲ್ಲಿ ಇದೇ ಮನುಸ್ಮೃತಿ ಸುಟ್ರು ಅಂತ ನೀನು ಹೇಳಿದ್ದಕ್ಕೆ ಒಂದು ವಾರ ನಿನ್ನ ಜೊತೆ ಮಾತು ಬಿಟ್ಟಿದ್ದೆ.

ಮೊನ್ನೆ ಆ ಪುಸ್ತಕ ತರಿಸ್ಕೊಂಡು ಮೊದಲ ಸಲ ಓದ್ದೆ ಕಣೋ. ನನ್ನ ಶ್ಲೋಕ 3ನೇ ಅಧ್ಯಾಯದ 56ನೇದು. ಇನ್ನು ಮೂರು ಶ್ಲೋಕ ಮುಂದೆ ಹೋದ್ರೆ ಆ ಪೂಜೆ ಅಂದ್ರೇನು ಅಂತಾನೂ ಇದೆ, ಹಬ್ಬಹರಿದಿನಕ್ಕೆ ಒಡವೆ, ಬಟ್ಟೆ, ಊಟ. 9ನೇ ಅಧ್ಯಾಯಕ್ಕೆ ಬಂದ್ರೆ ಚಿಕ್ಕಂದಿನಲ್ಲಿ ಅಪ್ಪ, ಹರೆಯದಲ್ಲಿ ಗಂಡ, ಮುಪ್ಪಲ್ಲಿ ಮಕ್ಕಳು ಕಾಯ್ತಾರೆ, ಹೆಣ್ಣಿಗೆ ಸ್ವಾತಂತ್ರ್ಯ ಸಲ್ಲದು. ನಮ್ಮಜ್ಜಿಗೆ ಓದೋಕೇ ಬರ್ತಿರ್ಲಿಲ್ಲ, ಆದ್ರೂ ಜೀವನ ಪೂರ್ತಿ ಹೇಳಿದ್ದು ಇದನ್ನೇ.

ಅಪ್ಪ ಹೋದ ಮೇಲೆ ತಂಗಿ, ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಟ್ಟೆ ಅನ್ನೋ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕಿದ್ಲು. ಕರ್ಕೊಂಡ್ ಹೋಗಿದ್ದು ನಾನೇ, ಪೆನ್ ಕೊಟ್ಟಿದ್ದೂ ನಾನೇ. ಪಿತ್ರಾರ್ಜಿತದಲ್ಲಿ ಮಗಳಿಗೂ ಸಮಪಾಲು ಅಂತ 2005ರಲ್ಲಿ ಇಡೀ ದೇಶಕ್ಕೇ ಕಾನೂನು ಬಂತು, ನಮ್ಮ ರಾಜ್ಯದಲ್ಲಿ ಮದುವೆ ಆಗದ ಹೆಣ್ಣುಮಕ್ಕಳಿಗೆ 1994ರಿಂದಲೇ ಇತ್ತು, ಇದೆಲ್ಲ ನಂಗೆ ಚೆನ್ನಾಗೇ ಗೊತ್ತಿತ್ತು. "ತವರಿನ ಬಾಗಿಲು ತೆರೆದಿದ್ರೆ ಸಾಕಣ್ಣ" ಅಂದ್ಲು. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಸ್ವಲ್ಪ ದುಡ್ಡು ಕೊಟ್ಟೆ. ಆಚೆ ಬರುವಾಗ ಮನಸ್ಸು ಹಗುರ ಆಯ್ತು ಕಣೋ. ಇದನ್ನ ಬರೀಬಾರ್ದು ಅಂದ್ಕೊಂಡಿದ್ದೆ.

ಅದೇ 9ನೇ ಅಧ್ಯಾಯದ 118ನೇ ಶ್ಲೋಕ ನೋಡು. ಮದುವೆ ಆಗದ ಅಕ್ಕತಂಗಿಯರಿಗೆ ಅಣ್ಣತಮ್ಮಂದಿರು ತಂತಮ್ಮ ಪಾಲಲ್ಲಿ ನಾಲ್ಕನೇ ಒಂದು ಭಾಗ ಕೊಡ್ಬೇಕು, ಕೊಡದೋರು ಪತಿತರು. ಮನುನೇ ಕಾಲು ಭಾಗ ಅಂದಿದಾನೆ, ನಾನು ಸೀರೆ ಕೊಟ್ಟು ಮುಗಿಸ್ದೆ. ರಾತ್ರಿ ನಿದ್ದೆ ಬರ್ತಿಲ್ಲ.

ವಕೀಲರ ಹತ್ರ ಹೋಗಿದ್ದೆ. ಅವಳ ಪಾಲು ವಾಪಸ್ ಬರೆದುಕೊಡೋಕೆ ದಾನಪತ್ರ ಮಾಡಿಸಿ ಅಂದ್ರು. ಅವಳದ್ದನ್ನ ಅವಳಿಗೆ ಕೊಡೋದಕ್ಕೆ ದಾನ ಅನ್ನೋದಾ? ಆ ಪದ ನುಂಗಕ್ಕಾಗ್ತಿಲ್ಲ, ಆದ್ರೂ ಮಾಡಿಸ್ತೀನಿ.

ಸರಿ, ಜಾಸ್ತಿ ಆಯ್ತು. ಭಾನುವಾರ ಅವಳ ಮನೆಗೆ ಹೋಗ್ತಿದೀನಿ, ನೀನೂ ಬಾ, ಹಲಸಿನ ಹಣ್ಣಿನ ಕಡುಬು ಮಾಡ್ತಾಳಂತೆ. ಕೊಡೆ ಮಾತ್ರ ತರಬೇಡ ಮಾರಾಯ.