ರಾಮನ ನೌಕೆಯೂ ಮೂಡಿಗೆರೆಯ ಓತಿಯೂ

ಪ್ರಿಯ ಓದುಗರೇ,

ಬೇಸಿಗೆ ಸಂಚಿಕೆ ಬಂತು ಅಂದರೆ, ಊರು ಬಿಟ್ಟು ಹೊರದೇಶಕ್ಕೆ ಬಂದ ನಮ್ಮ ಕನ್ನಡ ಕೂಟದಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ರಜೆಯಲ್ಲಿ ಏನು ಓದೋಣ? ಈ ಸಲ ನನಗೆ ತುಂಬಾ ಇಷ್ಟವಾದ ವೈಜ್ಞಾನಿಕ ಕಾದಂಬರಿಗಳ ಬಗ್ಗೆ ಬರೆಯುತ್ತೇನೆ. ಇವು ಹೈಸ್ಕೂಲ್ ಹುಡುಗರ ಓದು ಅಂತ ನಮ್ಮಲ್ಲಿ ಬಹಳ ಜನ ಪಕ್ಕಕ್ಕಿಡುತ್ತಾರೆ. ರಾಕೆಟ್ಟು, ರೋಬೋ, ಮೂರು ಕಣ್ಣಿನ ಜೀವಿಗಳು, ಅಷ್ಟೇ ಅಲ್ವಾ ಅನ್ನುತ್ತಾರೆ. ಅಷ್ಟೇ ಅಲ್ಲ. ಇಷ್ಟು ವರ್ಷ ನಾನು ಇವನ್ನು ಬಿಡದೆ ಓದಿಕೊಂಡು ಬಂದದ್ದು ಯಂತ್ರಗಳಿಗಾಗಿ ಅಲ್ಲ. ಮನುಷ್ಯ ತನಗಿಂತ ಬಹಳ ದೊಡ್ಡದೊಂದರ ಮುಂದೆ ಬಂದು ನಿಲ್ಲುತ್ತಾನೆ. ಅಳೆಯುತ್ತಾನೆ, ಬೆನ್ನು ಹತ್ತುತ್ತಾನೆ, ತಲೆ ಕೆಡಿಸಿಕೊಳ್ಳುತ್ತಾನೆ. ಕೊನೆಗೂ ಅದು ಕೈಗೆ ಸಿಗುವುದಿಲ್ಲ. ನನಗೆ ಬೇಕಾದದ್ದು ಅಂಥ ಕಥೆ.

ನನ್ನ ಮೊದಲ ಆಯ್ಕೆ ಆರ್ಥರ್ ಸಿ. ಕ್ಲಾರ್ಕ್ ಅವರ 'ರೆಂಡೆವೂ ವಿತ್ ರಾಮ'. 1973ರಲ್ಲಿ ಬಂದದ್ದು. ಕಥೆ ನಡೆಯುವುದು 2131ರಲ್ಲಿ. ಸೌರಮಂಡಲದ ಹೊರಗಿಂದ ಏನೋ ಒಂದು ಒಳಗೆ ಬರುತ್ತಿದೆ. ಕ್ಷುದ್ರಗ್ರಹ ಇರಬೇಕು ಅಂದುಕೊಳ್ಳುತ್ತಾರೆ. ಹೆಸರಿಡಬೇಕಲ್ಲ? ಅಷ್ಟು ಹೊತ್ತಿಗೆ ಗ್ರೀಕ್, ರೋಮನ್ ಪುರಾಣದ ಹೆಸರುಗಳೆಲ್ಲ ಮುಗಿದು, ಖಗೋಳ ವಿಜ್ಞಾನಿಗಳು ನಮ್ಮ ಪುರಾಣಗಳಿಗೆ ಕೈಹಾಕಿರುತ್ತಾರೆ. ಹಾಗಾಗಿ ಅದು ರಾಮ. ಹತ್ತಿರದಿಂದ ನೋಡಿದರೆ ಕಲ್ಲುಬಂಡೆಯೇ ಅಲ್ಲ. 50 ಕಿಲೋಮೀಟರ್ ಉದ್ದ, 20 ಕಿಲೋಮೀಟರ್ ಅಗಲದ ಉರುಳೆ. ನಾಲ್ಕು ನಿಮಿಷಕ್ಕೆ ಒಂದು ಸುತ್ತು ತಿರುಗುತ್ತಿದೆ. ಯಾರೋ ಮಾಡಿದ್ದು.

ಕಮಾಂಡರ್ ನಾರ್ಟನ್ ಮತ್ತು ಜೊತೆಗಾರರು ಅದರ ಒಳಗೆ ಇಳಿಯುವ ಪುಟಗಳನ್ನು ನಿಧಾನವಾಗಿ ಓದಬೇಕು. ಒಳಗೆಲ್ಲ ಕತ್ತಲು. ಕೆಳಗಿಳಿಯಲು ಸಾವಿರಾರು ಮೆಟ್ಟಿಲು. ಮೇಲೆ, ನಡುವಿನ ಅಕ್ಷದ ಹತ್ತಿರ, ದೇಹಕ್ಕೆ ಭಾರವೇ ಇಲ್ಲ. ಇಳಿದ ಹಾಗೆ ಭಾರ ಬರುತ್ತದೆ, ಯಾಕೆಂದರೆ ಅಲ್ಲಿ ತೂಕ ಹುಟ್ಟುವುದೇ ಆ ತಿರುಗಾಟದಿಂದ. ನಡುಭಾಗದಲ್ಲಿ ಒಂದು ಸಮುದ್ರ, ಉರುಳೆಯ ಒಳಮೈಯನ್ನು ಪೂರ್ತಿ ಬಳಸಿಕೊಂಡಿದೆ. ದಡದಲ್ಲಿ ನಿಂತು ತಲೆ ಎತ್ತಿದರೆ ಅದೇ ಸಮುದ್ರ ನೆತ್ತಿಯ ಮೇಲೆ ಕಾಣುತ್ತದೆ. ಮೊದಲು ಅದು ಹೆಪ್ಪುಗಟ್ಟಿರುತ್ತದೆ. ನೌಕೆ ಸೂರ್ಯನ ಹತ್ತಿರ ಬಂದ ಹಾಗೆ ಕರಗಲು ಶುರುವಾಗುತ್ತದೆ. ನಮ್ಮ ಕೆರೆಗಳ ಹಾಗೆ ಮೇಲಿನಿಂದ ಅಲ್ಲ, ತಳದಿಂದ! ಬಿಸಿ ಬರುವುದು ಹೊರಗಿನ ಗೋಡೆಯಿಂದ ತಾನೇ? ಗಾಳಿ ಬಿಸಿಯಾದರೆ ಒಳಗೆ ಬಿರುಗಾಳಿ ಏಳುತ್ತದೆ ಅಂತಲೂ ಲೆಕ್ಕ ಹಾಕುತ್ತಾರೆ, ಏಳುತ್ತದೆ. ಕ್ಲಾರ್ಕ್ ಎಲ್ಲೂ ಲೆಕ್ಕ ತಪ್ಪಿಸುವುದಿಲ್ಲ. ಆ ಲೆಕ್ಕದಿಂದಲೇ ಮೈ ಜುಮ್ಮೆನ್ನುತ್ತದೆ.

ಆಮೇಲೆ? ರಾಮನನ್ನು ಕಟ್ಟಿದವರು ಯಾರು, ಎಲ್ಲಿಯವರು, ಒಂದೂ ತಿಳಿಯುವುದಿಲ್ಲ. ಬುಧ ಗ್ರಹದಲ್ಲಿ ನೆಲೆಸಿದ ಮನುಷ್ಯರು ಹೆದರಿ ಬಾಂಬು ಕಳಿಸುತ್ತಾರೆ, ಅದು ಬೇರೆ ಕಥೆ. ರಾಮ ಸೂರ್ಯನ ಪಕ್ಕದಲ್ಲಿ ಹಾದು, ತನಗೆ ಬೇಕಾದ ಶಕ್ತಿ ತುಂಬಿಕೊಂಡು, ತನ್ನ ಪಾಡಿಗೆ ತಾನು ಹೊರಟುಹೋಗುತ್ತದೆ. ಮನುಷ್ಯರು ಬಂದು ಓಡಾಡಿ ಹೋದದ್ದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಯುದ್ಧ ಮಾಡಿದ್ದರೂ ನಾರ್ಟನ್‌ಗೆ ಇಷ್ಟು ನೋವಾಗುತ್ತಿರಲಿಲ್ಲ. ಮುಂದೆ ಕ್ಲಾರ್ಕ್ ಇನ್ನೊಬ್ಬ ಲೇಖಕರ ಜೊತೆ ಸೇರಿ ಇದನ್ನು ಇನ್ನೂ ಮೂರು ಪುಸ್ತಕಕ್ಕೆ ಬೆಳೆಸಿದರು. ಅವುಗಳನ್ನು ಓದಬೇಡಿ ಅಂತಲೇ ನಾನು ಹೇಳುವುದು. ಅಲ್ಲಿ ಎಲ್ಲಕ್ಕೂ ಉತ್ತರ ಇದೆ. ಉತ್ತರ ಬಂದ ಮೇಲೆ ರಾಮ ಚಿಕ್ಕದಾಗಿಬಿಟ್ಟ.

ಈಗ ಎರಡನೆಯ ಪುಸ್ತಕ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ', 1980ರದ್ದು. ಇದನ್ನು ವೈಜ್ಞಾನಿಕ ಕಾದಂಬರಿಗಳ ಸಾಲಿನಲ್ಲಿ ಯಾರೂ ಇಡುವುದಿಲ್ಲ. ನಾನು ಇಡುತ್ತೇನೆ. ಮೂಡಿಗೆರೆಯ ಕಾಡಿನಲ್ಲಿ ಒಂದು ಹಾರುವ ಓತಿ ಇದೆಯಂತೆ. ಕೋಟಿಗಟ್ಟಲೆ ವರ್ಷ ಹಿಂದಿನ ಜೀವಿ, ಕಾಲವನ್ನೇ ದಾಟಿ ಬಂದದ್ದು. ವಿಜ್ಞಾನಿ ಕರ್ವಾಲೊ ಅದರ ಹಿಂದೆ ಬಿದ್ದಿದ್ದಾರೆ. ಜೊತೆಗೆ ಊರಿನವರ ಕಣ್ಣಿಗೆ ಉಡಾಳನಾದ ಮಂದಣ್ಣ, ಬಿರಿಯಾನಿ ಕರಿಯಪ್ಪ, ಫೋಟೋ ತೆಗೆಯುವ ಪ್ರಭಾಕರ, ಜೊತೆಗೊಂದು ನಾಯಿ. ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಹುಟ್ಟು ವಿಜ್ಞಾನಿಯನ್ನು ಕಾಣುತ್ತಾರಲ್ಲ, ಆ ಭಾಗ ಬಂದಾಗೆಲ್ಲ ನನಗೆ ತೇಜಸ್ವಿಯವರ ಮೇಲೆ ಪ್ರೀತಿ ಉಕ್ಕುತ್ತದೆ. ಓದು ಬರಹಕ್ಕೂ ನೋಡುವ ಕಣ್ಣಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ ಎಂದು ಅಷ್ಟು ಸರಳವಾಗಿ ತೋರಿಸಿದವರು ಇನ್ಯಾರು? ಕೊನೆಗೆ ಕಾಡು ಮುಗಿದು ಪ್ರಪಾತದ ಅಂಚು. ಓತಿ ಕಣ್ಣೆದುರೇ ಇದೆ. ಕೈಗೆ ಸಿಗಬೇಕು ಅನ್ನುವಷ್ಟರಲ್ಲಿ ಆಳಕ್ಕೆ ತೇಲಿಕೊಂಡು ಹೋಗುತ್ತದೆ.

ಸೂರ್ಯನ ಬಳಿ ಹಾದುಹೋದ ರಾಮನಿಗೂ ಈ ಓತಿಗೂ ಏನು ವ್ಯತ್ಯಾಸ ಹೇಳಿ? ಒಂದು ಎಷ್ಟೋ ದೂರದಿಂದ ಬಂತು, ಇನ್ನೊಂದು ಎಷ್ಟೋ ಕಾಲದಿಂದ ಬಂತು. ಎರಡೂ ಮನುಷ್ಯನ ಕಡೆ ತಿರುಗಿಯೂ ನೋಡದೆ ಹೋದವು. ಆದರೆ ಒಂದು ಮಾತು ಹೇಳಲೇಬೇಕು. ಕ್ಲಾರ್ಕ್ ಅವರ ಮನುಷ್ಯರು ತೆಳು. ನಾರ್ಟನ್ ಒಳ್ಳೆಯವನು, ಧೈರ್ಯವಂತ, ಅದಕ್ಕಿಂತ ಜಾಸ್ತಿ ನೆನಪಿನಲ್ಲಿ ಉಳಿಯುವುದಿಲ್ಲ. ಮಂದಣ್ಣ, ಕರಿಯಪ್ಪ ಹಾಗಲ್ಲ. ಪುಸ್ತಕ ಮುಚ್ಚಿದ ಮೇಲೂ ಅವರು ಪಕ್ಕದ ಮನೆಯವರಷ್ಟು ಹತ್ತಿರ. ಎರಡನ್ನೂ ಒಂದಾದ ಮೇಲೊಂದು ಓದಿದರೆ ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿ ಸಿಗುತ್ತದೆ.

ಕ್ಲಾರ್ಕ್ ವಿಷಯ ಬಂದಾಗ ಇನ್ನೊಂದನ್ನೂ ಹೇಳಬೇಕು. ಅವರು ಇಂಗ್ಲೆಂಡಿನವರು, 1956ರಿಂದ ಶ್ರೀಲಂಕಾದಲ್ಲಿ ನೆಲೆಸಿ 2008ರಲ್ಲಿ ಕೊಲಂಬೊದಲ್ಲೇ ತೀರಿಕೊಂಡರು. ನಾವು ಆ ಕಡೆಯಿಂದ ಈ ಕಡೆ ಬಂದವರು, ಅವರು ಈ ಕಡೆಯಿಂದ ಆ ಕಡೆ ಹೋದವರು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಒಂದೇ ಕಡೆ ನಿಂತ ಹಾಗಿರುತ್ತದೆ, ಅಂಥ ಮೂರಿದ್ದರೆ ಇಡೀ ಜಗತ್ತಿಗೆ ಪ್ರಸಾರ ಮಾಡಬಹುದು ಎಂದು ಅವರು 1945ರಲ್ಲೇ ಬರೆದಿದ್ದರು. ಆಗ ಒಂದು ಉಪಗ್ರಹವೂ ಹಾರಿರಲಿಲ್ಲ. ಮೂವತ್ತು ವರ್ಷದ ಮೇಲೆ, 1975ರಲ್ಲಿ, ಭಾರತದ ಸೈಟ್ (SITE) ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾಯಿತು. ಅಮೆರಿಕದ ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಂತು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಕೊಲಂಬೊದಲ್ಲಿ ಕ್ಲಾರ್ಕ್ ಅವರೂ ಆ ಕಾರ್ಯಕ್ರಮ ನೋಡಲೆಂದು ಇಸ್ರೋ ಎಂಜಿನಿಯರುಗಳೇ ಹೋಗಿ ಅವರ ಮನೆಗೆ ಡಿಶ್ ಹಾಕಿಕೊಟ್ಟರು. ಇವತ್ತು ಅದೇ ಎತ್ತರದಲ್ಲಿರುವ ನಮ್ಮ ದೇಶದ ಉಪಗ್ರಹಗಳ ಮೇಲೆ ಕಣ್ಣಿಡುವ ಕೇಂದ್ರ ಇರುವುದು ಹಾಸನದಲ್ಲಿ. ಹಾಸನ ಕಡೆಯವರು ನಮ್ಮ ಕೂಟದಲ್ಲಿ ಎಷ್ಟೊಂದು ಜನ ಇದ್ದೀರಿ! ಮಕ್ಕಳಿಗೆ ಇದನ್ನು ಹೇಳಿ.

2017ರ ಅಕ್ಟೋಬರಿನಲ್ಲಿ ಹವಾಯಿಯ ದೂರದರ್ಶಕಕ್ಕೆ ನಿಜವಾಗಿಯೇ ಸೌರಮಂಡಲದ ಹೊರಗಿಂದ ಬಂದ ಮೊದಲ ಅತಿಥಿ ಸಿಕ್ಕಿತು. ಹೆಸರು ಔಮುವಾಮುವಾ. ನೋಡನೋಡುತ್ತಲೇ ದೂರ ಸರಿದುಹೋಯಿತು. ಆ ಸುದ್ದಿ ಓದಿದ ದಿನ ನಾನು ಕಪಾಟಿನಿಂದ ರಾಮನನ್ನು ತೆಗೆದು ಮತ್ತೆ ಮೊದಲಿನಿಂದ ಓದಿದೆ.

ಉಳಿದವರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಪೋಲೆಂಡಿನ ಸ್ತಾನಿಸ್ವಾಫ್ ಲೆಮ್ ಬರೆದ 'ಸೊಲಾರಿಸ್' 1961ರದ್ದು. ಒಂದು ಗ್ರಹವನ್ನು ಆವರಿಸಿದ ಸಮುದ್ರವೇ ಅಲ್ಲಿ ಜೀವಿ. ಅದರ ಬಗ್ಗೆ ತಲೆಮಾರುಗಳಿಂದ ಗ್ರಂಥಗಳ ರಾಶಿಯೇ ಬಂದಿದೆ, ಅರ್ಥವಾದದ್ದು ಮಾತ್ರ ಶೂನ್ಯ. ಐಸಾಕ್ ಅಸಿಮೋವ್ ಅವರ ಉದ್ದನೆಯ 'ಫೌಂಡೇಶನ್' ಸರಣಿಗಿಂತ 1941ರ 'ನೈಟ್‌ಫಾಲ್' ಎಂಬ ಕಥೆ ನನಗೆ ಹೆಚ್ಚು. ಆರು ಸೂರ್ಯರಿರುವ ಲೋಕ ಅದು, 2049 ವರ್ಷಕ್ಕೊಮ್ಮೆ ಮಾತ್ರ ಕತ್ತಲಾಗುತ್ತದೆ. ನಕ್ಷತ್ರಗಳನ್ನು ಕಂಡೇ ಇರದ ಜನಕ್ಕೆ ಅವು ಒಮ್ಮೆಲೇ ಕಂಡರೆ ಏನಾದೀತು?

ಉರ್ಸುಲಾ ಲ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಮಾತ್ರ ಚುಟುಕಾಗಿ ಮುಗಿಸುವ ಪುಸ್ತಕವಲ್ಲ. ಹಿಮ ತುಂಬಿದ ಗ್ರಹಕ್ಕೆ ಗೆನ್ಲಿ ಐ ಎಂಬ ದೂತ ಒಬ್ಬನೇ ಬರುತ್ತಾನೆ. ಬೇಕೆಂದೇ ಒಬ್ಬನನ್ನು ಕಳಿಸಿರುತ್ತಾರೆ. ಗುಂಪಾಗಿ ಬಂದರೆ ದಾಳಿ ಅನ್ನಿಸುತ್ತದೆ. ಒಬ್ಬನೇ ಬಂದರೆ ಅವನು ಆ ಜನರ ಜೊತೆ ಬೆರೆಯಲೇಬೇಕು, ತಾನೂ ಬದಲಾಗಬೇಕು. ಅಲ್ಲಿಯವರು ಸದಾ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಅದು ಅವನಿಗೆ ಜೀರ್ಣವಾಗುವುದಿಲ್ಲ. ಎಸ್ಟ್ರಾವೆನ್ ಎಂಬ ಅಲ್ಲಿನ ವ್ಯಕ್ತಿಯೊಂದಿಗೆ ಹಿಮದ ಬಯಲು ದಾಟುವಾಗ, ಒಂದೇ ಡೇರೆಯಲ್ಲಿ ದಿನಗಟ್ಟಲೆ ಕಳೆದ ಮೇಲೆ, ನಿಧಾನಕ್ಕೆ ಅವನ ಕಣ್ಣು ತೆರೆಯುತ್ತದೆ. ಸೂಟ್‌ಕೇಸ್ ಹಿಡಿದು ಒಬ್ಬರೇ ಬಂದಿಳಿದ ನಮ್ಮಲ್ಲಿ ಯಾರಿಗಾದರೂ ಈ ಪುಸ್ತಕ ತಟ್ಟದೆ ಇರುವುದಿಲ್ಲ.

ಕನ್ನಡದಲ್ಲಿ ರಾಜಶೇಖರ ಭೂಸನೂರಮಠರು ಈ ಹಾದಿಯನ್ನು ಬಹಳ ಮೊದಲೇ ತುಳಿದರು, ಅವರನ್ನು ಇನ್ನೂ ಹೆಚ್ಚು ಜನ ಓದಬೇಕಿತ್ತು. ಭೈರಪ್ಪನವರ 'ಯಾನ' 2014ರಲ್ಲಿ ಬಂತು. ವಾದ ಮಾಡುತ್ತಾ ಓದಿದ ಪುಸ್ತಕ ಅದು, ಎಲ್ಲ ಮಾತನ್ನೂ ನಾನು ಒಪ್ಪಲಿಲ್ಲ. ಆದರೆ ಗಗನನೌಕೆಯಲ್ಲೇ ಹುಟ್ಟಿ, ಭೂಮಿಯನ್ನು ಕಾಣದೆ ಬೆಳೆದ ಆ ಇಬ್ಬರು ಮಕ್ಕಳು ನನ್ನನ್ನು ಬಿಟ್ಟುಹೋಗಿಲ್ಲ. ನಮ್ಮ ಮನೆಗಳಲ್ಲಿ ಊರಿನ ಮಳೆ, ಜಾತ್ರೆ, ಅಜ್ಜಿಮನೆಯ ಜಗಲಿ ಎಲ್ಲವನ್ನೂ ಅಪ್ಪ ಅಮ್ಮನ ಬಾಯಿಂದ ಕೇಳಿಯೇ ತಿಳಿದುಕೊಳ್ಳುವ ಮಕ್ಕಳಿದ್ದಾರಲ್ಲ, ಅವರ ನೆನಪು ಬರುತ್ತಿತ್ತು.

ಇನ್ನು ಜಯಂತ ನಾರಳೀಕರ್. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಕೇಂಬ್ರಿಜ್‌ನಲ್ಲಿ ಓದಿದ ಖಗೋಳ ವಿಜ್ಞಾನಿ. ಇಂಗ್ಲಿಷಿನಲ್ಲಿ ಬರೆದಿದ್ದರೆ ಯಾವ ತೊಂದರೆಯೂ ಇರಲಿಲ್ಲ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತು ಕಥಾಸ್ಪರ್ಧೆ ನಡೆಸಿದಾಗ ಅವರು ಕಪ್ಪುಕುಳಿಯ ಬಗ್ಗೆ ಮರಾಠಿಯಲ್ಲೊಂದು ಕಥೆ ಬರೆದರು. ತಮ್ಮ ಹೆಸರು ನೋಡಿ ಬಹುಮಾನ ಕೊಡಬಾರದು ಅಂತ ನಾರಾಯಣ ವಿನಾಯಕ ಜಗತಾಪ ಎಂಬ ಹೆಸರಿನಲ್ಲಿ ಕಳಿಸಿದರು. ಬಹುಮಾನ ಬಂತು! ಮುಂದೆ ಮರಾಠಿಯಲ್ಲಿ ಕಥೆ ಕಾದಂಬರಿ ಬರೆಯುತ್ತಲೇ ಹೋದರು.

ನಮ್ಮ ಕೂಟದಲ್ಲಿ ಎಂಜಿನಿಯರುಗಳಿದ್ದೀರಿ, ಡಾಕ್ಟರುಗಳಿದ್ದೀರಿ, ಲ್ಯಾಬಿನಲ್ಲಿ ಕೆಲಸ ಮಾಡುವವರಿದ್ದೀರಿ. ದಿನವಿಡೀ ನೀವು ನೋಡುವ ಜೀವಕೋಶ, ಕಂಪ್ಯೂಟರ್ ಚಿಪ್, ದತ್ತಾಂಶ ಇವುಗಳಲ್ಲಿ ಕಥೆ ಇಲ್ಲ ಅಂದರೆ ನಾನು ನಂಬುವುದಿಲ್ಲ. ದೀಪಾವಳಿ ಸಂಚಿಕೆಯನ್ನು ಈ ವರ್ಷ ವೈಜ್ಞಾನಿಕ ಕಥೆಗಳಿಗೆ ಮೀಸಲಿಟ್ಟಿದ್ದೇವೆ. ಕನ್ನಡದಲ್ಲಿರಬೇಕು, ಸ್ವಂತದ್ದಾಗಿರಬೇಕು, 2000 ಪದ ದಾಟದಿದ್ದರೆ ಒಳ್ಳೆಯದು. ಬರೆದು ರೂಢಿ ಇಲ್ಲ ಅಂತ ಸುಮ್ನೆ ಹಿಂಜರಿಯಬೇಡಿ, ಕಾಗುಣಿತ ನಾವು ನೋಡಿಕೊಳ್ಳುತ್ತೇವೆ. ಮಕ್ಕಳು ಬರೆದರೆ ಇನ್ನೂ ಸಂತೋಷ. ಹೆಸರು ಹಾಕಿಕೊಳ್ಳಲು ಸಂಕೋಚವಾದರೆ ನಾರಳೀಕರ್ ಅವರ ಹಾಗೆ ಬೇರೆ ಹೆಸರಿನಲ್ಲೇ ಕಳಿಸಿ. ಸೆಪ್ಟೆಂಬರ್ 15ರೊಳಗೆ ನಮ್ಮ ಕೈ ಸೇರಲಿ.