ತಾಳಿಕೋಟೆಯ ಒಂದು ವಾಕ್ಯದ ಬೆನ್ನು ಹತ್ತಿ

ಪ್ರಿಯ ಮಿತ್ರರೇ,

ವಿಜಯನಗರದ ಕೊನೆಯ ದಿನಗಳನ್ನು ಕುರಿತು ಕಾದಂಬರಿ ಬರೆಯಲು ಹೊರಟಿರುವ ನೀವು, ಅಂತರ್ಜಾಲ ವಿಶ್ವಕೋಶವೊಂದರಲ್ಲಿರುವ ದಖನ್ನಿನ ಸುಲ್ತಾನರು ಒಂದಾಗಿ ವಿಜಯನಗರವನ್ನು ಸೋಲಿಸಿದ 1565ರ ತಾಳಿಕೋಟೆ ಯುದ್ಧದ ಲೇಖನವನ್ನು ಕಳುಹಿಸಿ, ಇದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳಿದ್ದೀರಿ. ಲೇಖನವನ್ನು ಎರಡು ಸಲ ಓದಿದೆ. ಸಾಕಷ್ಟು ಉದ್ದವಾಗಿದೆ, ಭಾಷೆ ಸರಾಗವಾಗಿದೆ, ಅಡಿಟಿಪ್ಪಣಿಗಳೂ ಧಾರಾಳವಾಗಿವೆ. ನಿಮ್ಮ ಪ್ರಶ್ನೆಗೆ ಇವುಗಳಿಂದ ಉತ್ತರ ಸಿಗುವುದಿಲ್ಲ. ಲೇಖನದ ಒಂದೇ ವಾಕ್ಯವನ್ನು ಹಿಡಿದು, ಅದು ಮೊದಲು ಯಾರ ಲೇಖನಿಯಿಂದ, ಯಾವಾಗ, ಯಾರ ಆಶ್ರಯದಲ್ಲಿ ಬಂದದ್ದೆಂದು ಬೇರಿನವರೆಗೂ ಹುಡುಕಿಕೊಂಡು ಹೋಗಬೇಕು.

‘ಯುದ್ಧದ ನಂತರ ಐದು ತಿಂಗಳು ನಡೆದ ವಿಧ್ವಂಸದಲ್ಲಿ ರಾಜಧಾನಿ ನೆಲಸಮವಾಗಿ, ಸಾಮ್ರಾಜ್ಯವೂ ಕೊನೆಗೊಂಡಿತು’ ಎಂಬ ವಾಕ್ಯವನ್ನೇ ತೆಗೆದುಕೊಳ್ಳಿ. ಅದರ ಅಡಿಟಿಪ್ಪಣಿ ಇತ್ತೀಚಿನ ಪ್ರವಾಸ ಕೈಪಿಡಿಯೊಂದನ್ನು ತೋರಿಸುತ್ತದೆ. ಕೈಪಿಡಿಯ ಆ ಐದು ತಿಂಗಳು ಬಂದದ್ದು 1900ರಲ್ಲಿ ರಾಬರ್ಟ್ ಸೆವೆಲ್ ಬರೆದ ಇತಿಹಾಸದಿಂದ. ಮದರಾಸು ಪ್ರಾಂತ್ಯದ ಅಧಿಕಾರಿಯಾಗಿದ್ದ ಸೆವೆಲ್, ಪಾಯೆಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳನ್ನು ಇಂಗ್ಲಿಷಿನಲ್ಲಿ ಒದಗಿಸಿದ ಉಪಕಾರವನ್ನು ನಾವು ಮರೆಯಲಾಗದು. ಆದರೆ ನಗರನಾಶವನ್ನು ಕುರಿತ ಅವನ ಪುಟ, ಘಟನೆ ನಡೆದು ಮುನ್ನೂರು ವರ್ಷಗಳಿಗೂ ಮಿಕ್ಕಿದ ಮೇಲೆ ಬರೆದ ಉಜ್ವಲ ವರ್ಣನೆ. ಅದನ್ನು ಕಣ್ಣಾರೆ ಕಂಡವನ ಸಾಕ್ಷ್ಯದಂತೆ ಬಳಸಿಕೊಂಡದ್ದು ನಂತರದವರ ತಪ್ಪು. ನನ್ನ ಮೊದಲ ವರ್ಷಗಳ ಲೇಖನವೊಂದರಲ್ಲಿ ನಾನೂ ಅದೇ ತಪ್ಪು ಮಾಡಿದ್ದೆ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಇದೇ ಸಂಗತಿಗೆ ಇನ್ನೂ ಹತ್ತಿರದ ಸಾಕ್ಷಿಯಿದ್ದಾನೆ. ವೆನಿಸ್ಸಿನ ವರ್ತಕ ಚೆಸಾರೆ ಫೆಡೆರಿಚಿ 1567ರಲ್ಲಿ ವಿಜಯನಗರಕ್ಕೆ ಬಂದು ಕೆಲವು ತಿಂಗಳು ಅಲ್ಲಿಯೇ ತಂಗಿದ್ದ. ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ ಎಂದು ಅವನು ಬರೆದಿದ್ದಾನೆ. ನೆಲಸಮವಾದ ನಗರಕ್ಕೂ ಬಾಗಿಲು ತೆರೆದುಕೊಂಡು ಜನರಿಲ್ಲದೆ ನಿಂತ ನಗರಕ್ಕೂ ಇರುವ ಅಂತರ ಕಾದಂಬರಿಕಾರರಾದ ನಿಮಗೆ ಎಷ್ಟು ದೊಡ್ಡದೆಂದು ನಾನು ಹೇಳಬೇಕಿಲ್ಲ. ವಿರೂಪಾಕ್ಷನ ಗುಡಿಯಂತೂ ಇಂದಿಗೂ ನಿಂತಿದೆ, ಪೂಜೆಯೂ ನಡೆಯುತ್ತಿದೆ. ಸಾಮ್ರಾಜ್ಯವೂ ಅಂದು ಮುಗಿಯಲಿಲ್ಲ: ಯುದ್ಧದಲ್ಲಿ ವಿಜಯನಗರದ ಸೇನೆಯನ್ನು ನಡೆಸಿದ ರಾಮರಾಯನ ತಮ್ಮ ತಿರುಮಲ ಪೆನುಕೊಂಡೆಗೆ ಹೋದ, ಅವನ ಮಗ ಎರಡನೆಯ ವೆಂಕಟಪತಿ 1586ರಿಂದ 1614ರವರೆಗೆ ಆಳಿದ. ಇವರ ವಂಶವಾದ ಅರವೀಡು ಅರಸರ ಶಾಸನಗಳನ್ನು ಒಮ್ಮೆ ತೆರೆದು ನೋಡಿದ್ದರೂ ಲೇಖನದ ಕರ್ತೃಗಳು ‘ಕೊನೆಗೊಂಡಿತು’ ಎಂಬ ಮಾತನ್ನು ಬರೆಯುತ್ತಿರಲಿಲ್ಲ.

ಸೈನ್ಯದ ಸಂಖ್ಯೆಗಳ ವಿಷಯದಲ್ಲೂ ಹೀಗೆಯೇ ಎಚ್ಚರ ಬೇಕು. ಪರ್ಷಿಯನ್ ಭಾಷೆಯ ಇತಿಹಾಸಕಾರ ಫೆರಿಸ್ತಾ ತನ್ನ ಇತಿಹಾಸವನ್ನು ಬರೆದದ್ದು ಯುದ್ಧವಾಗಿ ಸುಮಾರು ನಾಲ್ಕು ದಶಕಗಳ ನಂತರ, ಗೆದ್ದವರಲ್ಲೊಬ್ಬರಾದ ಬಿಜಾಪುರದ ಅರಸರ ಆಶ್ರಯದಲ್ಲಿ. ಅವನ ಮಾತನ್ನು ಬಳಸುವ ಲೇಖನ ‘ಫೆರಿಸ್ತಾ ಹೇಳುವಂತೆ’ ಎಂಬ ಎರಡು ಪದಗಳನ್ನು ಉಳಿಸಿಕೊಂಡಿದೆಯೇ ಎಂದು ನೋಡಿ. ಹಾಗೆಯೇ ವಿಶ್ವಕೋಶದ ಆ ಪುಟಕ್ಕೆ ಆದ ಬದಲಾವಣೆಗಳ ಪಟ್ಟಿಯನ್ನು ತೆರೆದರೆ ಯಾವ ವಾಕ್ಯ ಎಂದು ಸೇರಿತೆಂಬುದು ತಿಳಿಯುತ್ತದೆ. ಆಧಾರವೆಂದು ಕೊಟ್ಟ ಪತ್ರಿಕಾ ಬರಹ ಆ ದಿನಾಂಕಕ್ಕಿಂತ ಈಚಿನದಾದರೆ, ಅದು ಈ ಪುಟವನ್ನೇ ನೋಡಿ ಬರೆದದ್ದಿರಬಹುದು.

ಲೇಖನದಲ್ಲಿ ಇಲ್ಲದಿರುವುದನ್ನು ಗುರುತಿಸುವುದು ಇದಕ್ಕಿಂತ ಕಷ್ಟ. ನೀವು ಕಳುಹಿಸಿದ ಲೇಖನ ಈ ಯುದ್ಧವನ್ನು ಎರಡು ಧರ್ಮಗಳ ಹೋರಾಟವೆಂದು ಎರಡೇ ಸಾಲಿನಲ್ಲಿ ಮುಗಿಸಿದೆ. ರಾಮರಾಯ ಒಂದು ಕಾಲಕ್ಕೆ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದುದು, ಮುಂದೆ ಅದೇ ಗೋಲ್ಕೊಂಡದ ಸುಲ್ತಾನನಾದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದುದು, ಬಿಜಾಪುರದ ಅಲಿ ಆದಿಲ್ ಶಾ ಇದೇ ರಾಮರಾಯನೊಂದಿಗೆ ಕೂಡಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋದುದು, ಯಾವುದೂ ಅಲ್ಲಿಲ್ಲ. ಉಪ್ಪುಂಡ ಮನೆಯ ಮೇಲೆಯೇ ಏರಿಬಂದವರ ಮನಸ್ಸಿನಲ್ಲಿ ಏನಿತ್ತೆಂಬುದೇ ನಿಮ್ಮ ಕಾದಂಬರಿಯ ಜೀವಾಳವೆಂದು ನಾನು ಭಾವಿಸಿದ್ದೇನೆ. ಅದನ್ನು ಕಾಣಿಸದ ಲೇಖನದಲ್ಲಿ ಇಸವಿಗಳೆಲ್ಲ ಸರಿಯಿದ್ದರೂ ಅದನ್ನು ಒಳ್ಳೆಯ ಲೇಖನವೆನ್ನಲು ನನಗೆ ಮನಸ್ಸು ಬಾರದು.

ರಾಮರಾಯನ ಸೇನೆಯ ಇಬ್ಬರು ನಾಯಕರು ರಣರಂಗದಲ್ಲೇ ತಿರುಗಿಬಿದ್ದರೆಂಬ ವಾಕ್ಯವನ್ನು ಈಗ ನೀವೇ ಬೆನ್ನಟ್ಟಿ. ಅದು ನಿಮ್ಮನ್ನು ಮತ್ತೆ ಫೆಡೆರಿಚಿಯ ಬಳಿಗೇ ಕರೆದೊಯ್ಯುತ್ತದೆ. ಬರಿದಾದ ಮನೆಗಳನ್ನು ಅವನು ಕಂಡಿದ್ದ. ಈ ದ್ರೋಹದ ಸಂಗತಿಯನ್ನಾದರೋ ಎರಡು ವರ್ಷಗಳ ನಂತರ ಬಂದು ಕೇಳಿ ತಿಳಿದಿದ್ದ. ಆ ಅಧ್ಯಾಯಕ್ಕೆ ಕೈಹಾಕುವ ಮುನ್ನ, ಇವೆರಡಕ್ಕೂ ನೀವು ಎಷ್ಟೆಷ್ಟು ತೂಕ ಕೊಡುವಿರೆಂದು ನನಗೆ ಬರೆಯಿರಿ.

ನಿಮ್ಮ ವಿಶ್ವಾಸಿ