ದಾರಿ ಹೇಳಿದವರನ್ನೆಲ್ಲ ನಂಬುವ ಇಂಟರ್‌ನೆಟ್

ಸಂಪಾದಕರೇ,

ತನ್ನನ್ನು ತಾನೇ ನೋಡಿಕೊಳ್ಳುವ ನೆಟ್‌ವರ್ಕ್ ಬಗ್ಗೆ ಈಗ ಎಲ್ಲೆಡೆ ಮಾತು. ಇದೇನು ಹೊಸದಲ್ಲ. ಇಂಟರ್‌ನೆಟ್ಟಿನ ರೂಟರ್‌ಗಳು, ಅಂದರೆ ಮಾಹಿತಿಯನ್ನು ಒಂದು ನೆಟ್‌ವರ್ಕ್‌ನಿಂದ ಇನ್ನೊಂದಕ್ಕೆ ದಾಟಿಸುವ ಯಂತ್ರಗಳು, ದಶಕಗಳಿಂದ ಬಿಜಿಪಿ ಎಂಬ ಪದ್ಧತಿಯಲ್ಲಿ ತಮ್ಮತಮ್ಮಲ್ಲೇ ಮಾತಾಡಿಕೊಂಡು ದಾರಿ ಹುಡುಕುತ್ತಿವೆ. ತೊಂದರೆ ಏನೆಂದರೆ, 'ಆ ವಿಳಾಸ ನನ್ನ ಬಳಿ ಇದೆ' ಎಂದು ಪಕ್ಕದ ನೆಟ್‌ವರ್ಕ್ ಹೇಳಿದರೆ ಸುಮ್ನೆ ನಂಬಿಬಿಡುತ್ತವೆ. 2008ರ ಫೆಬ್ರುವರಿ 24ರಂದು ಪಾಕಿಸ್ತಾನ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯಲು ಹಾಕಿದ ಸುಳ್ಳು ದಾರಿ ಹೊರಗೂ ಸೋರಿತು, ಹಾಂಗ್‌ಕಾಂಗ್‌ನ ಕಂಪನಿಯೊಂದು ಅದನ್ನು ಪರೀಕ್ಷಿಸದೆ ಮುಂದಕ್ಕೆ ದಾಟಿಸಿದ್ದರಿಂದ ಜಗತ್ತಿನ ಬಹುಭಾಗದಲ್ಲಿ ಸುಮಾರು ಎರಡು ಗಂಟೆ ಯೂಟ್ಯೂಬ್ ಸಿಗಲಿಲ್ಲ. ಹೊರಗೆ ಸೋರಿದ್ದು ಬೇಕೆಂದೇ ಅಲ್ಲ, ಬರೀ ಎಡವಟ್ಟು!

ಇದಕ್ಕೆ ಮದ್ದು ಇದೆ. ಹೆಸರು ಆರ್‌ಪಿಕೆಐ. ಯಾವ ವಿಳಾಸವನ್ನು ಯಾರು 'ನನ್ನ ಬಳಿ ಇದೆ' ಎಂದು ಸಾರಬಹುದು ಎಂಬುದಕ್ಕೆ ಡಿಜಿಟಲ್ ಸಹಿ ಇರುವ ದಾಖಲೆ, ಒಂಥರಾ ಪಹಣಿ ಇದ್ದ ಹಾಗೆ. ಆದರೆ ಪಹಣಿ ಮಾಡಿಸಿಟ್ಟರೆ ಸಾಲದು, ಎದುರಿನವರು ಅದನ್ನು ತೆಗೆದು ನೋಡಬೇಕು ಅಲ್ವಾ? ಮನೆಗೆ ಇಂಟರ್‌ನೆಟ್ ಹಾಕಿಸುವಾಗ ನಾವು ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟು ಎಂದು ಮಾತ್ರ ಕೇಳುತ್ತೇವೆ. ನಮ್ಮ ಕಂಪನಿಗಳು ಸುಳ್ಳು ದಾರಿಗಳನ್ನು ತಡೆಯುತ್ತಿವೆಯೇ ಎಂದು ಪತ್ರಿಕೆಯಾದರೂ ಒಮ್ಮೆ ಕೇಳಿ ಬರೆಯಲಿ.

— ಒಬ್ಬ ಓದುಗ, ಹಾಸನ